ಅಕ್ಕೋರ ನಾಲ್ಕು ಮಡಿ

ನಮ್ಮ ಅಕ್ಕೋರು ಮೊದಲ ಸಲ ಬೆಳೆದ ಗಜ್ಜರಿಗಳಿಗೆ ಕಾಲುಗಳಿದ್ದವು. ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ಒಂದಂತೂ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತ ಭಂಗಿಯಲ್ಲೇ ಮಣ್ಣಿನಿಂದ ಎದ್ದು ಬಂದಿತ್ತು. ಅವನ್ನೆಲ್ಲ ಕೈಚೀಲಕ್ಕೆ ತುಂಬಿಕೊಂಡು ವಿಜಯಪುರದಲ್ಲಿ ಬಸ್ಸು ಹತ್ತಿದ ಅವರು, ತಿಕೋಟಾದ ನಮ್ಮ ಹೆಣ್ಣುಮಕ್ಕಳ ಶಾಲೆ ಮುಟ್ಟಿದ್ದೇ ಶಿಕ್ಷಕರ ಕೋಣೆಯ ಮೇಜಿನ ಮೇಲೆ ಸಾಲಾಗಿ ಮಲಗಿಸಿದರು.

“ಇವರು ಹೆಡ್‌ಮಾಸ್ತರ,” ಎಂದು ಕಾಲ ಮೇಲೆ ಕಾಲು ಹಾಕಿದ್ದನ್ನು ತೋರಿಸಿದರು. “ಇವರು ಡ್ರಿಲ್ ಮಾಸ್ತರ, ಓಡಾಕ ತಯಾರಾಗಿ ನಿಂತಾರ ನೋಡ್ರಿ. ಮತ್ತ ಇದು ನೀನ ತಂಗಿ. ಬಸ್ ತಪ್ಪಿದಾಗ ಹಿಂಗ ಇರ್ತಿ.”

ನನ್ನ ಗಜ್ಜರಿ ಎರಡೂ ಕೈ ಮೇಲೆತ್ತಿಕೊಂಡಿತ್ತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಹೆಡ್‌ಮಾಸ್ತರರೇ ಒಳಗೆ ಬಂದರು. ಅವರು ತಮ್ಮದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಕರವಸ್ತ್ರದಿಂದ ಒರೆಸಿದರು, ಕಟಕ್ಕೆಂದು ಕಚ್ಚಿದರು. “ರುಚಿ ಐತ್ರಿ,” ಎಂದು ಹೇಳಿ ಬೆಲ್ ಹೊಡೆಸಲು ಹೋದರು.

ನಮ್ಮ ಕಡೆ ಪಾಠ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ಹಿಂದಿ ಅಕ್ಕೋರು ಇದ್ದರು, ವಿಜ್ಞಾನದ ಅಕ್ಕೋರು ಇದ್ದರು, ನಾನು ಕನ್ನಡದ ಅಕ್ಕೋರು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ಅಕ್ಕೋರು ಎಂದರೆ ಅದು ಗಣಿತ ಕಲಿಸುವ ಇವರೊಬ್ಬರೇ. ಇವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಹಾಳೆಯನ್ನೂ ಕೆಂಪು ಪೆನ್ನಿನಿಂದ ತಿದ್ದಿ ವಾಪಸ್ ಕಳಿಸುತ್ತಾರೆ ಎಂಬ ಭಯ ನನಗಿದೆ.

ಕುಳ್ಳಗಿನ ಹೆಂಗಸು. ನಡಿಗೆ ಮಾತ್ರ ಎಷ್ಟು ಜೋರೆಂದರೆ ಅವರ ಪಕ್ಕದಲ್ಲಿ ನಡೆಯಲು ನಾನು ಅರ್ಧ ಓಡಬೇಕಾಗುತ್ತಿತ್ತು. ಜೋಕು ಹೇಳುವ ಮೊದಲೇ ತಾವು ನಕ್ಕುಬಿಡುವುದು ಅವರ ಸ್ವಭಾವ. ಎಷ್ಟೋ ಸಲ ನಗುವಿನ ಗದ್ದಲದಲ್ಲಿ ಜೋಕು ಹೊರಗೆ ಬರುತ್ತಲೇ ಇರಲಿಲ್ಲ, ಆದರೂ ನಾವಿಬ್ಬರೂ ದಿನಾ ಹೋಗುವ ಬಸ್ಸಿನಲ್ಲಿ ಸುತ್ತಲಿನ ನಾಲ್ಕು ಸೀಟಿನವರು ನಗುತ್ತಿದ್ದರು. ಹುಡುಗಿಯರು ಲೆಕ್ಕಕ್ಕೆ ಅಂಜಿದರೆ, “ಮೊದಲ ಮಾಡು, ಆಮ್ಯಾಲ ಅಂಜು,” ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಬೆಳೆಸಿ, ಓದಿಸಿ, ಸ್ಟೇಷನ್ ರಸ್ತೆಯಲ್ಲಿ ಅವನಿಗೊಂದು ಪಾತ್ರೆ ಅಂಗಡಿ ಹಾಕಿಸಿಕೊಡುವಷ್ಟರಲ್ಲಿ ವಯಸ್ಸು ದಾಟಿತ್ತು. ಇದನ್ನೆಲ್ಲ ಅವರು ಹೇಳಿಕೊಂಡವರಲ್ಲ. ಹೊಸಬರು ಯಾರಾದರೂ ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದರೆ, “ಪುರಸೊತ್ತ ಆಗ್ಲಿಲ್ಲರಿ,” ಎಂದು ಮುಗಿಸುತ್ತಿದ್ದರು.

ಸೊಲ್ಲಾಪುರ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಅವರ ಸ್ವಂತದ ಸಣ್ಣ ಮನೆ. ಹಿತ್ತಿಲೂ ಇತ್ತು, ಅದರ ತುಂಬ ನಮ್ಮ ಸೀಮೆಯ ಕಪ್ಪು ಎರೆ ಮಣ್ಣು. ಈ ಮಣ್ಣಿನ ಸಿಟ್ಟು ಬಲ್ಲವರೇ ಬಲ್ಲರು. ಮಳೆ ಬಿದ್ದರೆ ಚಪ್ಪಲಿ ಹಿಡಿದುಕೊಂಡು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಜೋಳಕ್ಕೆ ಇದು ತಾಯಿ, ಗಜ್ಜರಿಗೆ ಮಾತ್ರ ಮಲತಾಯಿ. ಕೆಳಗೆ ಇಳಿಯುವ ಬೇರು ಗಟ್ಟಿ ಹೆಂಟೆಗೆ ತಾಗಿ ಸೀಳುತ್ತದೆ, ಕಾಲುಗಳು ಮೂಡುತ್ತವೆ. ಅಕ್ಕೋರಿಗೆ ನಕ್ಕು ಮುಗಿದ ಮೇಲೆ ಹಟ ಬಂತು. ನೆಲ ಬಿಡದಿದ್ದರೆ ನೆಲದ ಮೇಲೆ ಬೆಳೆಯುತ್ತೇನೆ ಎಂದರು.

ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಸೇರಿ ಮಡಿ ಕಟ್ಟಿದೆವು. ಮನೆಯ ನೆಲಕ್ಕೆ ಹಾಸಿ ಉಳಿದ ಒಡಕು ಫರ್ಸಿ ಕಲ್ಲುಗಳನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸಿ, ಮಂಚದಷ್ಟು ಉದ್ದಗಲದ ನಾಲ್ಕು ಚೌಕಟ್ಟು ಮಾಡಿ, ಒಳಗೆ ಎರೆ ಮಣ್ಣಿನ ಜೊತೆ ಉಸುಕು ಬೆರೆಸಿ ತುಂಬಿದೆವು. ಮಣ್ಣು ಸಡಿಲವಿದ್ದರೆ ಬೇರು ನೆಟ್ಟಗೆ ಇಳಿಯುತ್ತದೆ, ನೀರೂ ನಿಲ್ಲುವುದಿಲ್ಲ. ಸಂಜೆ ಹೊತ್ತಿಗೆ ಮಣ್ಣನ್ನು ಮೇಲೆ ದುಂಡಗೆ ಏರಿಸಿ, ಕೈಯಿಂದ ಸವರಿ, ಬೆನ್ನು ಹಿಡಿದುಕೊಂಡು ನಿಂತಿದ್ದೆವು. ಎದುರುಮನೆಯ ಖಾಲಾ ಆಗತಾನೆ ಮಗಳ ಊರಿಂದ ಬಂದಿಳಿದವರು ಗಿಡ್ಡ ಕಂಪೌಂಡಿನ ಆಚೆ ನಿಂತರು. ಓಣಿಗೆಲ್ಲ ಹಿರಿಯ ಜೀವ ಅದು. ಸಾಲಾಗಿದ್ದ ನಾಲ್ಕು ದಿಬ್ಬಗಳನ್ನು ನೋಡಿದರು, ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡರು, ಎರಡೂ ಅಂಗೈ ಎತ್ತಿ ಕಣ್ಣು ಮುಚ್ಚಿದರು.

ಅವರ ಪ್ರಾರ್ಥನೆ ಮುಗಿಯುವ ತನಕ ನಾವೂ ಮಣ್ಣಿನ ಕೈ ಕಟ್ಟಿಕೊಂಡು ನಿಂತೆವು.

“ಯಾರ್ ಹ್ವಾದ್ರ ಬೇಟಿ?” ಎಂದು ಖಾಲಾ ಮೆಲ್ಲಗೆ ಕೇಳಿದರು. “ನಾಕ್ ಮಂದಿ. ಒಂದ್ ಫೋನ್ ಮಾಡಬಾರ್ದಿತ್ತ?”

“ಯಾರೂ ಹೋಗಿಲ್ಲ ಖಾಲಾ. ಇದರಾಗ ಮೂಲಂಗಿ ಬಿತ್ತೂರದೀವಿ.”

ಖಾಲಾ ದಿಬ್ಬಗಳನ್ನು ಮತ್ತೊಮ್ಮೆ ಎಣಿಸಿದರು. “ಇರ್ಲಿ. ಮೂಲಂಗಿಗೂ ದುವಾ ಬೇಕಾಗತೈತಿ,” ಎಂದು ಮನೆಯೊಳಗೆ ಹೋದರು. ಅಕ್ಕೋರು ಮಡಿಯ ಅಂಚಿನ ಮೇಲೆ ಕುಸಿದು ಕುಳಿತು ನಕ್ಕ ನಗುವಿಗೆ ಒಂದು ಫರ್ಸಿ ಕಲ್ಲು ಹೊರಗೆ ವಾಲಿತು. ಅದನ್ನು ಮತ್ತೆ ನಿಲ್ಲಿಸಬೇಕಾಯಿತು.

ಇನ್ನು ಬೇಕಾದದ್ದು ಗೊಬ್ಬರ. ಹಸಿ ಸಗಣಿ ಹಾಕಿದರೆ ಗಜ್ಜರಿಗೆ ಮತ್ತೆ ಕಾಲು ಬರುತ್ತವೆ, ಚೆನ್ನಾಗಿ ಕಳಿತ ಹಳೆಯ ಗೊಬ್ಬರವೇ ಆಗಬೇಕು ಎಂದು ಅಕ್ಕೋರು ಎಲ್ಲಿಯೋ ತಿಳಿದುಕೊಂಡಿದ್ದರು. ನನ್ನ ತವರು ಬಬಲೇಶ್ವರ. ನಮ್ಮ ಮನೆಯ ಪಕ್ಕದಲ್ಲಿ ದನದ ಡಾಕ್ಟರೊಬ್ಬರು ನಿವೃತ್ತಿಯಾಗಿ ಎರಡು ಎಮ್ಮೆ, ಒಂದು ಆಕಳು ಕಟ್ಟಿಕೊಂಡು ಇದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳು ಅಥಣಿಗೆ ಕೊಟ್ಟ ಹೆಣ್ಣು. ಒಂದು ರವಿವಾರ ಅಕ್ಕೋರನ್ನು ಅವರ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣ ಎಂದು ಈಗಲೂ ಎಲ್ಲರೂ ಹೇಳುತ್ತಾರೆ. ಇಲ್ಲವೆನ್ನುವ ಮನಸ್ಸು ನನಗೂ ಇಲ್ಲ.

ನಾವು ಹೋದಾಗ ಡಾಕ್ಟರ ಕೈ ಎಮ್ಮೆಯ ಬಾಯೊಳಗಿತ್ತು. ಹಲ್ಲು ನೋಡುತ್ತಿದ್ದರಂತೆ. ಉದ್ದನೆಯ ಮನುಷ್ಯ, ದಪ್ಪ ಮೀಸೆ. ಮಾತು ಕಡಿಮೆ, ಅದೂ ದನಗಳ ಜೊತೆಗೇ ಹೆಚ್ಚು. ಕೈ ಹೊರಗೆ ತೆಗೆಯಬೇಕೋ ಬೇಡವೋ ತಿಳಿಯದೆ, ಒಂದೇ ಕೈಯಲ್ಲಿ ನಮಸ್ಕಾರ ಮಾಡಿದರು. ಅಕ್ಕೋರು ಅದನ್ನು ನೋಡಲೇ ಇಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೆಟ್ಟಗೆ ತಿಪ್ಪೆಗೆ ಹೋಗಿ, ಒಂದು ಹಿಡಿ ಗೊಬ್ಬರ ತೆಗೆದು ಮೂಗಿಗೆ ಹಿಡಿದರು.

“ಎಷ್ಟ ಹಳೇದರಿ ಇದು?”

“ಹ್ವಾದ ವರ್ಷದ್ದರಿ.”

“ಸಗಣಿ ವಾಸನಿ ಒಟ್ಟ ಇಲ್ಲ. ಮಳಿ ಬಿದ್ದ ಹೊಲದಂಗ ಬರತೈತಿ.”

ಡಾಕ್ಟರ ಮುಖ ಅರಳಿತು. ಯಾರೋ ತಮ್ಮ ಮಗಳ ಮಾರ್ಕ್ಸ್ ಕಾರ್ಡ್ ಹೊಗಳಿದ ಹಾಗೆ. ಪಕ್ಕದಲ್ಲಿದ್ದ ಎಮ್ಮೆಯ ಕತ್ತನ್ನು ಎರಡು ಸಲ ತಟ್ಟಿದರು. ಸಂಕೋಚವಾದಾಗ ಹತ್ತಿರ ಏನು ಸಿಕ್ಕರೂ ಹಾಗೆ ತಟ್ಟುವುದು ಅವರ ರೂಢಿ ಎಂದು ನನಗೆ ಗೊತ್ತಿತ್ತು. ಎಮ್ಮೆ ಇಲ್ಲದಿದ್ದರೆ ಕಂಬ, ಕಂಬ ಇಲ್ಲದಿದ್ದರೆ ನನ್ನ ಗಂಡ.

ಅಕ್ಕೋರು ತಿಪ್ಪೆಯ ಮೇಲೆ ನಿಂತುಕೊಂಡೇ ತಮ್ಮ ನಾಲ್ಕು ಮಡಿಯ ಪಾಠ ಶುರುಮಾಡಿದರು. “ಗಡ್ಡಿ ಬೆಳದ ಮಡಿಗೆ ತಿರುಗಿ ಗಡ್ಡಿ ಹಾಕಬಾರದರಿ. ಗಜ್ಜರಿ, ಮೂಲಂಗಿ, ಬೀಟ್ ಒಂದ ಮಡಿಯೊಳಗ ಆದುವಂದ್ರ, ಮುಂದಿನ ಹಂಗಾಮಿಗೆ ಅಲ್ಲಿ ಅಲಸಂದಿ. ಅದರ ಮುಂದ ಮೆಂತೆ, ಪಾಲಕ್ ಪಲ್ಲೆ. ಪಲ್ಲೆ ಆದ ಮ್ಯಾಲ ಬದನಿ, ಟೊಮೆಟೊ. ಅಲ್ಲೀತನಕ ಗಡ್ಡಿ ಉಳಿದ ಮೂರೂ ಮಡಿ ತಿರುಗಿ ಬರಬೇಕು. ಒಂದ ಕಡಿ ಕುಂತ್ರ ಮಣ್ಣು ಸೋಲತೈತಿ, ಹುಳಾನೂ ಅಲ್ಲೇ ಮನಿ ಮಾಡತಾವ.”

ಡಾಕ್ಟರು ಕೆಮ್ಮಿ ಗಂಟಲು ಸರಿಪಡಿಸಿಕೊಂಡರು. “ದನಕ್ಕೂ ಹಂಗರಿ ಅಕ್ಕೋರ. ದಿನಾ ಒಂದ ಜಾಗಾದಾಗ ಮೇಯಿಸಿದ್ರ ಹೊಟ್ಯಾಗ ಹುಳ ಬೀಳ್ತಾವ. ಜಾಗಾ ಬದಲಿ ಮಾಡಬೇಕು.”

ಅಕ್ಕೋರು ಮೊದಲ ಸಲ ಅವರನ್ನು ಸರಿಯಾಗಿ ನೋಡಿದರು. “ಹೌದೇನರಿ?” ಎಂದರು. ಆಮೇಲೆ ಅರ್ಧ ತಾಸು ಅವರಿಬ್ಬರೂ ಹುಳಗಳ ಬಗ್ಗೆ ಮಾತಾಡಿದರು. ನಾನು ನನ್ನವ್ವನ ಮನೆಗೆ ಹೋಗಿ ಚಹಾ ಕುಡಿದು ಬಂದರೂ ಹುಳಗಳು ಮುಗಿದಿರಲಿಲ್ಲ.

ಗೊಬ್ಬರದ ಚೀಲವನ್ನು ಬಸ್ಸಿಗೆ ಹಾಕಲು ಕಂಡಕ್ಟರ್ ಒಪ್ಪಲಿಲ್ಲ. “ನಾ ತಂದ ಕೊಡ್ತೀನ್ರಿ,” ಎಂದರು ಡಾಕ್ಟರು. “ರವಿವಾರ ಹೆಂಗೂ ನನಗ ಬಿಜಾಪುರದಾಗ ಕೆಲಸ ಇರತೈತಿ.” ಮುಂದಿನ ರವಿವಾರ ಟಂಟಂ ಗಾಡಿಯಲ್ಲಿ ಚೀಲದ ಪಕ್ಕ ಕುಳಿತು ಬಂದರು. ಅದರ ಮುಂದಿನ ರವಿವಾರವೂ ಬಂದರು. ನಿವೃತ್ತರಾದ ಮನುಷ್ಯನಿಗೆ ಪ್ರತಿ ರವಿವಾರ ವಿಜಯಪುರದಲ್ಲಿ ಏನು ಕೆಲಸವೋ ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅವರು ಅಕ್ಕೋರ ಹಿತ್ತಿಲು ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಚೀಲ ಇಳಿಸಿ, “ಇದು ದೊಡ್ಡೆಮ್ಮಿದರಿ. ಇದು ಆಕಳದ,” ಎಂದು ಪರಿಚಯ ಮಾಡಿಕೊಡುತ್ತಿದ್ದರು. ಅಕ್ಕೋರು ಅಷ್ಟೇ ಗಂಭೀರವಾಗಿ ದೊಡ್ಡೆಮ್ಮೆಯದನ್ನು ಬದನೆಗೆ, ಆಕಳದನ್ನು ಪಲ್ಲೆಗೆ ಹಾಕುತ್ತಿದ್ದರು. ಗಡ್ಡೆಯ ಮಡಿಗೆ ಮಾತ್ರ ಹಿಂದಿನ ಬೆಳೆಗೆ ಹಾಕಿದ್ದೇ ಸಾಕು, ಹೊಸದು ಬೇಡ ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಗಜ್ಜರಿ ನೆಟ್ಟಗೆ ಬಂದವು. ಮೊದಲನೆಯದನ್ನು ಕಿತ್ತಾಗ ನಾನೂ ಖಾಲಾ ಕೂಡ ಅಲ್ಲಿದ್ದೆವು. ಅಕ್ಕೋರು ಸೊಪ್ಪಿನ ಬುಡ ಹಿಡಿದು, ಸ್ವಲ್ಪ ತಿರುವಿ, ಮೇಲಕ್ಕೆ ಎಳೆದರು. ಅದು ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಪೂರ್ತಿ ಹೊರಬಂದಾಗ ಮೊಳಕೈಯಿಂದ ಮಣಿಕಟ್ಟಿನವರೆಗೆ ಉದ್ದವಿತ್ತು, ಕಾಲಿನ ಸುಳಿವೇ ಇಲ್ಲ. ಅಕ್ಕೋರು ಅದನ್ನು ಹಿಡಿದುಕೊಂಡು ಹಿತ್ತಿಲ ತುಂಬ ಒಂದು ಸುತ್ತು ಓಡಿದರು. ಐವತ್ತೈದು ದಾಟಿದ ಗಣಿತದ ಶಿಕ್ಷಕಿ ಹಾಗೆ ಓಡಿದ್ದನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವ ಭರವಸೆಯೂ ಇಲ್ಲ. ಡಾಕ್ಟರು ಕಂಪೌಂಡ್ ಗೋಡೆಯನ್ನು ತಟ್ಟುತ್ತ ನಿಂತಿದ್ದರು.

ಮರುದಿನ ಬಸ್ಸಿನಲ್ಲಿ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಊರು ದಾಟಿದ ಮೇಲೆ ಭುಜ ಅಲುಗತೊಡಗಿದವು. ಅಳುತ್ತಿದ್ದಾರೆಂದು ನಾನು ಹೆದರಿದೆ. ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

“ಏನಾತ್ರಿ ಅಕ್ಕೋರ?”

“ನಿನ್ನಿ ನೀವೆಲ್ಲ ಹ್ವಾದ ಮ್ಯಾಲ ಡಾಕ್ಟರ ಒಂದ ಮಾತ ಅಂದ್ರು ಬೇ.”

“ಏನಂದ್ರು?”

“ಅಕ್ಕೋರ, ನಾ ಇಲ್ಲೇ ಇದ್ದೆ ಅಂದ್ರ ಗೊಬ್ಬರ ಹೊತ್ತ ತರೋ ತ್ರಾಸ ತಪ್ಪತಿತ್ತು, ಅಂದ್ರು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಾನೂ ನಗತೊಡಗಿದೆ. ಕಂಡಕ್ಟರ್ ಬಂದು, “ಯಾಕ್ರಿ ಅಕ್ಕೋರ, ಆರಾಮದೀರಿಲ್ಲೊ?” ಎಂದು ಕೇಳಿದ. ಇಬ್ಬರೂ ಕೈ ಬೀಸಿ ಅವನನ್ನು ಮುಂದೆ ಕಳಿಸಿದೆವು.

“ನೀವೇನಂದ್ರಿ?” ಎಂದು ಕೊನೆಗೆ ಕೇಳಿದೆ.

“ನಾಲ್ಕೂ ಮಡಿ ಒಂದ ಸುತ್ತ ಪೂರಾ ಆಗ್ಲಿ, ಆಮ್ಯಾಲ ಹೇಳ್ತೀನಿ ಅಂದೆ.” ನಗು ನಿಂತಿತ್ತು. ಕೈಬೆರಳಿನ ಉಗುರಿನ ಸಂದಿಯ ಮಣ್ಣನ್ನು ನೋಡಿಕೊಳ್ಳುತ್ತಿದ್ದರು. “ನಾ ಇಷ್ಟ ವರ್ಷ ಒಬ್ಬಾಕಿನ ಇದ್ದಾಕಿ ತಂಗಿ. ಮನ್ಯಾಗ ಯಾರರೆ ಕೆಮ್ಮಿದ್ರೂ ಬೆಚ್ಚಿ ಬೀಳ್ತೀನಿ. ಒಂದಿಷ್ಟ ವ್ಯಾಳೆ ಬೇಕು. ಮತ್ತ ಅವರಿಗೂ ತಿಳೀಲಿ, ಚೀಲ ಹೊತ್ತ ಹೊತ್ತ ಸಾಕಾಗತೈತೊ ಇಲ್ಲೊ.”

ಒಂದು ಸುತ್ತು ಎಂದರೆ ನಾಲ್ಕು ಹಂಗಾಮು, ಮುಂಗಾರಿ ಹಿಂಗಾರಿ ಸೇರಿ ಎರಡು ವರ್ಷ. ಡಾಕ್ಟರಿಗೆ ಸಾಕಾಗಲಿಲ್ಲ. ರವಿವಾರ ತಪ್ಪಿಸಲಿಲ್ಲ, ಉತ್ತರ ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ತಾಳ್ಮೆ ಕಳೆದುಕೊಂಡವಳು ನಾನು. ಅಕ್ಕೋರಿಗೂ ತಮ್ಮ ಮೇಲೆ ಪೂರ್ತಿ ಹಿಡಿತವಿರಲಿಲ್ಲ ಎನ್ನುವುದಕ್ಕೆ ನನ್ನಲ್ಲಿ ಸಾಕ್ಷಿಯಿದೆ. ಒಂದು ಸೋಮವಾರ ಹಿಂದಿನ ದಿನದ ಬೀಟ್‌ರೂಟಿನ ಸುದ್ದಿ ಹೇಳುತ್ತ ಹೇಳುತ್ತ ತಿಕೋಟಾ ಸ್ಟಾಪ್ ಹಿಂದೆ ಹೋಗಿದ್ದೇ ನಮಗೆ ತಿಳಿಯಲಿಲ್ಲ. ಹೊಲಗಳ ನಡುವೆ ಇಳಿದು, ಘೋಣಸಗಿ ಕಡೆಯಿಂದ ದ್ರಾಕ್ಷಿಯ ಕ್ರೇಟು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈ ಮಾಡಿ, ಕ್ರೇಟುಗಳ ಮೇಲೆ ಕುಳಿತು ಶಾಲೆಗೆ ಬಂದೆವು. ಪ್ರಾರ್ಥನೆಗೆ ನಿಂತಿದ್ದ ಹುಡುಗಿಯರೆಲ್ಲ ನಾಡಗೀತೆ ನಿಲ್ಲಿಸಿ ನಮ್ಮನ್ನು ನೋಡಿದರು. ಅಕ್ಕೋರು ಟ್ರ್ಯಾಕ್ಟರಿನ ಮೇಲೇ ನೆಟ್ಟಗೆ ನಿಂತು, ಹಾಡಿರಿ ಎಂದು ಸನ್ನೆ ಮಾಡಿದರು.

ಸುತ್ತು ಮುಗಿಯಲು ಇನ್ನೊಂದು ಬೆಳೆ ಬಾಕಿ ಇತ್ತು. ಏಪ್ರಿಲ್‌ನಲ್ಲಿ ಹತ್ತನೆಯ ತರಗತಿಯ ಪೇಪರ್ ತಿದ್ದಲು ಅಕ್ಕೋರು ಬೆಳಗಾವಿಗೆ ಹೋಗಬೇಕಾಯಿತು. ಮೂರನೆಯ ಮಡಿಯ ಬೀಟ್‌ರೂಟ್ ಕಿತ್ತು ಆಗಿತ್ತು. ಅದರಲ್ಲಿ ಅಲಸಂದಿ ಬಿತ್ತಲು, ದಿನಾ ನೀರು ಹಾಕಲು ಡಾಕ್ಟರಿಗೆ ಹೇಳಿ, ಹಿತ್ತಿಲ ಗೇಟಿನ ಕೀಲಿಯನ್ನು ಖಾಲಾ ಕೈಯಲ್ಲಿ ಕೊಟ್ಟು ಹೋದರು.

ಇತ್ತ ಸ್ಟೇಷನ್ ರಸ್ತೆಯಲ್ಲಿ ಅಕ್ಕೋರ ತಮ್ಮನ ಕಿವಿಗೆ ಸುದ್ದಿ ಬಿದ್ದಿತ್ತು. ದಪ್ಪ ಮೀಸೆಯವನೊಬ್ಬ ನಿನ್ನ ಅಕ್ಕನ ಮನೆಗೆ ಚೀಲ ತರುತ್ತಾನೆ, ಈಗ ದಿನಾ ಬರುತ್ತಾನೆ ಎಂದು ಗಿರಾಕಿ ಯಾರೋ ಹೇಳಿದ್ದರು. ಅಕ್ಕ ಬೆಳಗಾವಿಯಿಂದ ಬಂದ ದಿನವೇ ಕೇಳಿಬಿಡುವುದು ಎಂದು ಆತ ಅಂಗಡಿ ಬಿಟ್ಟು ಬಂದ. ನಾನೂ ಅಲ್ಲೇ ಇದ್ದೆ, ಬಸ್ ಸ್ಟ್ಯಾಂಡಿನಿಂದ ಅಕ್ಕೋರ ಬ್ಯಾಗು ಹಿಡಿದುಕೊಂಡು ಬಂದವಳು. ಗೇಟಿನಲ್ಲಿ ಖಾಲಾ ಅವನನ್ನು ತಡೆದರು.

“ಆ ಚೀಲದಾಗ ಏನ ಇರತೈತಿ ಖಾಲಾ?” ಎಂದು ಕೇಳಿದ.

“ಸಗಣಿ ಬೇಟಾ.”

“ಚಾಷ್ಟಿ ಮಾಡಬ್ಯಾಡ್ರಿ.”

ಅವನು ಖಾಲಾರನ್ನು ದಾಟಿ ಹಿತ್ತಿಲಿಗೆ ಬರುವ ಹೊತ್ತಿಗೆ ಅಕ್ಕೋರು ಮೂರನೆಯ ಮಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎಳೆಯ ಸಸಿಗಳನ್ನು ನೋಡುತ್ತಿದ್ದರು. ಡಾಕ್ಟರು ನೀರಿನ ಝಾರಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು, ಮುಖದಲ್ಲಿ ಬಹುಮಾನ ಕಾಯುವ ಹುರುಪು.

“ಇದು ಅಲಸಂದಿ ಅಲ್ಲ,” ಎಂದರು ಅಕ್ಕೋರು.

“ಅಲ್ಲರಿ. ಮೂಲಂಗಿ. ನಿಮಗ ಮೂಲಂಗಿ ಪಚಡಿ ಅಂದ್ರ ಜೀಂವ ಅಂತ...”

ಅಕ್ಕೋರು ಎದ್ದು ನಿಂತರು. ಅವರ ಸಿಟ್ಟನ್ನು ನಾನು ಶಾಲೆಯಲ್ಲಿ ಕಂಡಿದ್ದೆ, ಆದರೆ ಇಷ್ಟು ಕಂಡಿರಲಿಲ್ಲ. “ಗಡ್ಡಿ ತಗದ ಮಡಿಗೆ ಗಡ್ಡಿ? ಎರಡ ವರ್ಷ ತಿಪ್ಪಿ ಮ್ಯಾಲ ನಿಂತ ಹೇಳೇನಿ, ಹಿತ್ತಲದಾಗ ಹೇಳೇನಿ, ಊಟಕ್ಕ ಕುಂತಾಗ ಹೇಳೇನಿ. ದನಕ್ಕ ಜಾಗಾ ಬದಲಿ ಬೇಕು ಅಂತ ನೀವ ಅಂದಿದ್ರಿ. ನಾ ನಾಕ ದಿನ ಊರಾಗ ಇಲ್ಲಂದ್ರ ಹಿಂಗ. ಮುಂದಿನ ವರ್ಷ ಇದ ಮನ್ಯಾಗ ಇರೂ ಮನಷ್ಯಾ ನೀವು, ಆವಾಗೂ ಹಿಂಗ ಮಾಡಾವ್ರೇನು?”

ಹೇಳಿ ಮುಗಿದ ಮೇಲೆ ಅವರಿಗೆ ತಾವೇನು ಹೇಳಿದೆವು ಎಂದು ಕೇಳಿಸಿತು.

ಝಾರಿಯಿಂದ ನೀರು ಡಾಕ್ಟರ ಕಾಲ ಮೇಲೆ ಸುರಿಯುತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅಕ್ಕೋರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕೈ ತುಂಬ ಮಣ್ಣಿದ್ದದ್ದರಿಂದ ಮುಖವೂ ಎರೆ ಹೊಲವಾಯಿತು.

“ಮುಬಾರಕ್,” ಎಂದರು ಖಾಲಾ ಗೇಟಿನಿಂದ.

“ಸುತ್ತ ಇನ್ನೂ ಮುಗದಿಲ್ಲ ಖಾಲಾ,” ಎಂದು ಅಕ್ಕೋರು ಕೈಯೊಳಗಿನಿಂದಲೇ ಅಂದರು.

“ಮದಿವಿ ಆದ್ಮ್ಯಾಲೂ ತಿರಗತೈತಿ ಬೇಟಿ. ಅದೇನ ನಿಲ್ಲೂದಲ್ಲ.”

ಮಡಿಗಳ ನಡುವೆ ತಮ್ಮ ನಿಂತಿದ್ದ. ಬೈಯಲು ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. “ಅಕ್ಕಾ, ಖರೇ ಏನ?” ಎಂದು ಕೇಳಿದ. ಅಕ್ಕೋರು ಕೈ ತೆಗೆದರು. ಮಣ್ಣಿನ ಮುಖದಲ್ಲಿ ಕಣ್ಣು, ಹಲ್ಲು ಮಾತ್ರ ಕಾಣುತ್ತಿದ್ದವು, ನಗು ತಡೆಯಲು ಆಗುತ್ತಿರಲಿಲ್ಲ. ಅಪ್ಪ ಹೋದಾಗಿನಿಂದ ತನಗೆ ಊಟಕ್ಕೆ ಹಾಕಿ, ಶಾಲೆಗೆ ಕಳಿಸಿ, ಮದುವೆ ಮಾಡಿದ ಅಕ್ಕನ ಮುಖ ಹೀಗೂ ಇರಬಹುದು ಎಂದು ಆತ ಎಂದೂ ಎಣಿಸಿರಲಿಕ್ಕಿಲ್ಲ. ಫರ್ಸಿ ಕಲ್ಲಿನ ಮೇಲೆ ಕುಳಿತುಬಿಟ್ಟ.

“ಮೊದಲ ಹೇಳಿದ್ರ ನಾ ಯಾಕ ಬೈಯಾಕ ಬರ್ತಿದ್ದೆ,” ಎಂದ. “ಇವತ್ತ ಗಿರಾಕಿ ಭಾಳ ಇದ್ವು.”

ಡಾಕ್ಟರು ಝಾರಿ ಕೆಳಗಿಟ್ಟು ಅವನ ಹತ್ತಿರ ಹೋದರು. ಅವನ ಕತ್ತಿನ ಹಿಂಭಾಗವನ್ನು ಮೆಲ್ಲಗೆ ತಟ್ಟಿದರು. “ಹೋ, ಹೋ,” ಎಂದರು.

ಮೇ ತಿಂಗಳ ಕೊನೆಗೆ, ಶಾಲೆ ಶುರುವಾಗುವ ಮುಂಚೆ, ರಿಜಿಸ್ಟರ್ ಮದುವೆಯಾಯಿತು. ಅಥಣಿಯಿಂದ ಬಂದ ಡಾಕ್ಟರ ಮಗಳು ಸಾಕ್ಷಿ ಸಹಿ ಹಾಕುವಾಗ ನಗು ತಡೆಯಲಾರದೆ ಎರಡು ಸಲ ಪೆನ್ನು ಕೆಳಗೆ ಹಾಕಿದಳು. ಊಟ ಅಕ್ಕೋರ ಹಿತ್ತಿಲಲ್ಲಿ. ಗಜ್ಜರಿಯ ಹಂಗಾಮು ಮುಗಿದಿತ್ತು, ಪೇಟೆಯ ಗಜ್ಜರಿಯನ್ನು ಅಕ್ಕೋರು ಮನೆಯೊಳಗೆ ಬಿಡಲಿಲ್ಲ. ಹಸಿ ಉಸುಕಿನಲ್ಲಿ ಹೂತಿಟ್ಟಿದ್ದ ಬೀಟ್‌ರೂಟಿನಿಂದಲೇ ಹಲ್ವಾ ಮಾಡಿಸಿದರು. ಮದುವೆಯ ಫೋಟೊಗಳಲ್ಲಿ ನಾವೆಲ್ಲ ತುಟಿ ಕೆಂಪಗೆ ಮಾಡಿಕೊಂಡು ನಿಂತಿದ್ದೇವೆ, ಹೆಡ್‌ಮಾಸ್ತರರೂ ಸೇರಿ. ತಪ್ಪು ಮಡಿಯ ಮೂಲಂಗಿಗಳನ್ನು ಕಿತ್ತುಹಾಕಲು ಅಕ್ಕೋರಿಗೆ ಮನಸ್ಸಾಗಿರಲಿಲ್ಲ. ಬೇಸಿಗೆಯ ಬಿಸಿಲಿಗೆ ಅವು ಸಣ್ಣಗೆ, ಮೆಣಸಿನಕಾಯಿಗಿಂತ ಖಾರವಾಗಿ ಬಂದಿದ್ದವು. ಪಚಡಿ ಬಡಿಸಿದಾಗ ತಮ್ಮನ ಕಣ್ಣಲ್ಲಿ ನೀರು ಇಳಿಯಿತು.

“ಮೂಲಂಗಿ ಖಾರ ಐತಿ,” ಎಂದ.

ಅವನ ಎಲೆಯಲ್ಲಿ ಪಚಡಿ ಹಾಗೆಯೇ ಇತ್ತು, ಇನ್ನೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಕುಳಿತ ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಬಬಲೇಶ್ವರದ ಎಮ್ಮೆಗಳನ್ನು ನನ್ನ ಅಣ್ಣ ನೋಡಿಕೊಳ್ಳತೊಡಗಿದ, ಆಕಳು ಮಾತ್ರ ಡಾಕ್ಟರ ಜೊತೆಗೆ ಓಣಿಗೆ ಬಂತು. ಆ ಚಳಿಗಾಲಕ್ಕೆ ಅಕ್ಕೋರು ಒಂದು ಸ್ಕೂಟರ್ ಕೊಂಡರು. ಹೊಡೆಯಲು ಬರುತ್ತಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಬಯಲು ರಸ್ತೆಯಲ್ಲಿ ಡಾಕ್ಟರು ಹಿಂದೆ ಓಡುತ್ತ, “ಸಾವಕಾಶ, ಸಾವಕಾಶ,” ಎನ್ನುತ್ತ ಕಲಿಸಿದರಂತೆ. ಎರಡು ಹಾಲಿನ ಕ್ಯಾನು, ಒಂದು ಬೇಲಿ ಪೆಟ್ಟು ತಿಂದವು ಎಂದು ಖಾಲಾ ಹೇಳಿದರು.

ಅಕ್ಕೋರು ಈ ವರ್ಷ ಪರೀಕ್ಷೆಗೆ ಮುಂಚೆ ನಿವೃತ್ತರಾದರು. ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮಾಡಿದೆವು. ಇನ್ನು ಮುಂದೆ ಅವರು ಸಂಪೂರ್ಣ ವಿಶ್ರಾಂತಿ ಪಡೆಯಲಿ ಎಂದು ಒಬ್ಬರ ಮೇಲೊಬ್ಬರು ಹಾರೈಸಿದರು. ನಾನು ಮಾತಾಡಲು ಎದ್ದು, ಅಕ್ಕೋರ ಮುಖ ನೋಡಿ ನಗು ಬಂದು ಹಾಗೆಯೇ ಕುಳಿತೆ. ಅವರ ಸರದಿ ಬಂದಾಗ ಅವರು ಮೈಕಿನ ಮುಂದೆ ನಿಂತು, “ಎಲ್ಲಾರಿಗೂ ಶರಣು. ಇವತ್ತ ಬಿಸಿಲ ಏರೂದರಾಗ ಬೀಟ್‌ಗೆ ನೀರ ಹಾಕೂದೈತಿ,” ಎಂದರು. ಅಷ್ಟೇ ಭಾಷಣ. ಹುಡುಗಿಯರು ಚಪ್ಪಾಳೆ ತಟ್ಟುತ್ತಲೇ ಇದ್ದರು.

ಗೇಟಿನ ಹೊರಗೆ ಡಾಕ್ಟರು ಸ್ಕೂಟರ್ ಮೇಲೆ ಕುಳಿತು ಕಾಯುತ್ತಿದ್ದರು. ಅಕ್ಕೋರು ಹತ್ತಿರ ಹೋಗಿ, “ಹಿಂದ ಸರೀರಿ,” ಎಂದರು. ಡಾಕ್ಟರು ಸುಮ್ಮನೆ ಹಿಂದೆ ಸರಿದರು. ಅಕ್ಕೋರು ತಮ್ಮ ತಲೆಯ ಪೇಟ ತೆಗೆದು ಅವರ ತಲೆಗಿಟ್ಟರು, ಹಾರ ಅವರ ಕೊರಳಿಗೆ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಆಮೇಲೆ ತಾವು ಮುಂದೆ ಕುಳಿತು, ನೆರಿಗೆ ಸಿಕ್ಕಿಸಿಕೊಂಡು ಸ್ಕೂಟರ್ ಶುರುಮಾಡಿದರು. ದಾರಿಯಲ್ಲಿ ಹೋಗುವವರೆಲ್ಲ ಡಾಕ್ಟರಿಗೇ ನಮಸ್ಕಾರ ಮಾಡುತ್ತಿದ್ದರು. ನಿವೃತ್ತರಾದವರು ಅವರೇ ಎಂದುಕೊಂಡು.

ರೋಡ್ ಹಂಪಿನ ಮೇಲೆ ಸ್ಕೂಟರ್ ನೆಗೆಯಿತು. ಬುಟ್ಟಿಯಿಂದ ಎರಡು ಚಿಕ್ಕು ಹಾರಿ ರಸ್ತೆಗೆ ಬಿದ್ದವು. ನಾವೆಲ್ಲ ಕೂಗಿದೆವು. ಅಕ್ಕೋರು ತಿರುಗಿ ನೋಡಲಿಲ್ಲ. ಡಾಕ್ಟರು ಮಾತ್ರ ಒಂದು ಕೈಯಲ್ಲಿ ಪೇಟ ಹಿಡಿದುಕೊಂಡು, ಇನ್ನೊಂದು ಕೈಯಿಂದ ಸ್ಕೂಟರಿನ ಸೀಟನ್ನು ಮೆಲ್ಲಗೆ, ಬಹಳ ಮೆಲ್ಲಗೆ ತಟ್ಟುತ್ತಿದ್ದರು.